ಸಹಿ ಹಾಕುವ ಮುಂಚೆ ಒಂದು ಮಾತು

ಮಗಾ, ಫಿಟ್ಸಿಗೆ ಹೊಸ ಮಾತ್ರೆಯ ಟ್ರಯಲ್ ನಡೀತಾ ಇದೆ, ಸೇರ್ತೀಯಾ ಅಂತ ಬೆಂಗಳೂರಿನ ಆಸ್ಪತ್ರೆಯವರು ಕೇಳಿದ್ದಾರೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಅದು ಆಗಲೇ ಊರೆಲ್ಲ ಸುತ್ತಿದೆ. ನಿಮ್ಮವ್ವ ಬಂದು, "ನನ್ನ ಮಗನ್ನ ಇಲಿ ಮಾಡ್ಕಂತಾರೆ ಭಾವ, ಬೇಡ ಅನ್ನಿ" ಎಂದು ಕಣ್ಣೊರೆಸಿಕೊಂಡಳು. ನಿಮ್ಮ ಮಾವ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, "ಮಾತ್ರೆ, ರಕ್ತಪರೀಕ್ಷೆ ಎಲ್ಲ ಪುಗಸಟ್ಟೆಯಂತೆ, ಬಿಡಬೇಡ ಅನ್ನಿ" ಎಂದರು. ಇಬ್ಬರದೂ ನಿನ್ನ ಮೇಲಿನ ಪ್ರೀತಿಯೇ. ಆದರೆ ಹೆದರಿ ಬೇಡ ಅನ್ನುವುದೂ ಸರಿಯಲ್ಲ, ಪುಗಸಟ್ಟೆ ಅಂತ ಹೂಂ ಅನ್ನುವುದೂ ಸರಿಯಲ್ಲ. ನಾನು ಡಾಕ್ಟರಲ್ಲ, ಆರೋಗ್ಯ ಇಲಾಖೆಯಲ್ಲಿ ಮನೆಮನೆ ತಿರುಗಿ ನಿವೃತ್ತನಾದ ಸಹಾಯಕ. ಔಷಧಿ ಯಾವುದು ಎಷ್ಟು ಎಂದು ಹೇಳುವ ಯೋಗ್ಯತೆ ನನಗಿಲ್ಲ. ಕಾಗದಕ್ಕೆ ಸಹಿ ಹಾಕುವ ಮುಂಚೆ ಏನೇನು ಕೇಳಬೇಕು ಅನ್ನುವುದನ್ನು ಮಾತ್ರ ಹೇಳಬಲ್ಲೆ.

ಮೊದಲನೆಯದು, ನಿನ್ನ ಕಾಯಿಲೆ ನಿಜಕ್ಕೂ ಔಷಧಿಗೆ ಜಗ್ಗದ ಕಾಯಿಲೆಯೋ ಅಲ್ಲವೋ ಎಂಬುದು ಗಟ್ಟಿಯಾಗಬೇಕು. ಇದಕ್ಕೆ ಜಗತ್ತಿನ ಮೂರ್ಛೆರೋಗ ತಜ್ಞರ ಸಂಘ 2010ರಲ್ಲಿ ಒಂದು ಅಳತೆ ಹಾಕಿಕೊಟ್ಟಿದೆ: ಕಾಯಿಲೆಗೆ ತಕ್ಕ ಎರಡು ಔಷಧಿಗಳನ್ನು, ಸಾಕಷ್ಟು ಪ್ರಮಾಣದಲ್ಲಿ, ತಪ್ಪದೆ, ಮೈಗೆ ಒಗ್ಗಿಸಿಕೊಂಡು ತೆಗೆದುಕೊಂಡ ಮೇಲೂ ಫಿಟ್ಸ್ ನಿಲ್ಲದಿದ್ದರೆ ಮಾತ್ರ ಆ ಹೆಸರು. ಎರಡೇ ಯಾಕೆ ಅಂತೀಯಾ? ಗ್ಲಾಸ್ಗೋದ ಡಾಕ್ಟರುಗಳಾದ ಕ್ವಾನ್ ಮತ್ತು ಬ್ರೋಡಿ ಅದಕ್ಕೂ ಮುಂಚೆ, 2000ದಲ್ಲಿ, ಹಿಂದೆ ಎಂದೂ ಔಷಧಿ ಮುಟ್ಟದ 470 ರೋಗಿಗಳ ಲೆಕ್ಕ ಕೊಟ್ಟಿದ್ದರು. ಮೊದಲ ಔಷಧಿಗೇ ಫಿಟ್ಸ್ ನಿಂತವರು ನೂರಕ್ಕೆ 47. ಎರಡನೆಯದಕ್ಕೆ ನಿಂತವರು 13. ಮೂರನೆಯದಕ್ಕೆ ಬರೀ 1. ಎರಡು ಸೋತ ಮೇಲೆ ಮೂರನೆಯದು, ನಾಲ್ಕನೆಯದು ಎಂದು ಬದಲಾಯಿಸುತ್ತಾ ಕೂತರೆ ವರ್ಷಗಳು ಹೋಗುತ್ತವೆ, ಫಿಟ್ಸ್ ಹೋಗುವುದಿಲ್ಲ ಎಂಬುದು ಆ ಲೆಕ್ಕದಲ್ಲೇ ಇದೆ. ಮೂರ್ಛೆರೋಗ ಇರುವವರಲ್ಲಿ ಸುಮಾರು ಮೂರನೇ ಒಂದು ಪಾಲು ಜನ ಹೀಗೆ ಉಳಿದುಬಿಡುತ್ತಾರೆ. ಹೊಸ ಔಷಧಿಗಳನ್ನು ಹುಡುಕುತ್ತಿರುವುದು ಅವರಿಗಾಗಿಯೇ.

ಆದರೆ "ಸಾಕಷ್ಟು ಪ್ರಮಾಣದಲ್ಲಿ, ತಪ್ಪದೆ" ಅನ್ನುವಲ್ಲಿ ನಿನ್ನನ್ನು ಸ್ವಲ್ಪ ಹಿಡಿದು ಕೇಳಬೇಕಾಗಿದೆ. ಸಿಟ್ಟಾಗಬೇಡ. ನಮ್ಮ ಸಿದ್ದಾಪುರದ ಹೊಲಗಳಿಗೆ ತ್ರೀಫೇಸ್ ಕರೆಂಟು ಯಾವಾಗ ಬರುತ್ತದೆ ಅಂತ ನಿನಗೆ ಗೊತ್ತು. ರಾತ್ರಿ ಹನ್ನೊಂದಕ್ಕೋ ಎರಡಕ್ಕೋ ಬಂದರೆ ಎದ್ದು ಬೋರಿನ ಮೋಟಾರು ಹಾಕಲು ಓಡುತ್ತೀಯ. ಮೂರ್ಛೆರೋಗಿಗೆ ನಿದ್ದೆಗೇಡಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಹೋಗಿ ರಾತ್ರಿಯಿಡೀ ಎಚ್ಚರವಿದ್ದು, ಆ ಹೊತ್ತಿನ ಮಾತ್ರೆ ಮನೆಯಲ್ಲೇ ಉಳಿದು, ಮಾರನೇ ದಿನ ಫಿಟ್ಸ್ ಬಂದರೆ ಅದಕ್ಕೆ ಮಾತ್ರೆ ಸೋತಿತು ಅನ್ನಲು ಬರುವುದಿಲ್ಲ. ಗೆಳೆಯರ ಜೊತೆ ಒಂದು ಕ್ವಾರ್ಟರ್ ಹಾಕಿದ್ದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಊರ ಅಂಗಡಿಯಲ್ಲಿ ನಿನ್ನ ಮಾತ್ರೆ ಸಿಗದೆ ಎರಡು ದಿನ ಬಿಟ್ಟದ್ದು, ಯಾರೋ ಕೊಟ್ಟ ನಾಟಿ ಪುಡಿಯನ್ನು ನಡುವೆ ನೆಕ್ಕಿದ್ದು, ಇವನ್ನೆಲ್ಲ ಡಾಕ್ಟರ ಮುಂದೆ ಹೇಳಿದ್ದೀಯಾ? ಆ ಪುಡಿಯಲ್ಲಿ ಏನು ಬೆರೆಸಿದ್ದಾರೋ ಕೊಟ್ಟವನನ್ನು ಬಿಟ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ಕೆಲವು ಫಿಟ್ಸಿಗೆ ಕೆಲವು ಮಾತ್ರೆ ತದ್ವಿರುದ್ಧ. ಬೆಳಿಗ್ಗೆ ಎದ್ದ ಕೂಡಲೆ ಕೈ ಝಾಡಿಸಿ ಲೋಟ ಬೀಳುವ ಜಾತಿಯ ಮೂರ್ಛೆಗೆ ಕಾರ್ಬಮಜೆಪಿನ್ ಕೊಟ್ಟರೆ ಅದು ಜಾಸ್ತಿಯಾಗುವುದುಂಟು. ಕೆಲವರಿಗೆ ಬರುವುದು ಫಿಟ್ಸಿನಂತೆಯೇ ಕಾಣುತ್ತದೆ, ಮಿದುಳಿನ ಕರೆಂಟಿಗೂ ಅದಕ್ಕೂ ಸಂಬಂಧವಿರುವುದಿಲ್ಲ. ತಲೆಗೆ ತಂತಿ ಹಚ್ಚಿ, ಕ್ಯಾಮೆರಾ ಇಟ್ಟು, ಆಸ್ಪತ್ರೆಯಲ್ಲೇ ಮಲಗಿಸಿ ಫಿಟ್ಸ್ ಬರುವುದನ್ನು ಕಾಯುವ ವಿಡಿಯೊ ಇಇಜಿ ಪರೀಕ್ಷೆ ಇರುವುದು ಇದನ್ನು ತೀರ್ಮಾನಿಸಲು. ನಮ್ಮ ರಾಜ್ಯದಲ್ಲಿ ಬಿಸಿನೀರನ್ನು ತಲೆಗೆ ಹುಯ್ದುಕೊಂಡಾಗಲೇ ಬರುವ ಮೂರ್ಛೆಯೂ ಉಂಟು, ಪ್ರಪಂಚದ ಪುಸ್ತಕಗಳಲ್ಲಿ ಅದಕ್ಕೆ ಕರ್ನಾಟಕದ ಉದಾಹರಣೆಯನ್ನೇ ಕೊಡುತ್ತಾರೆ. ಅಂಥವರಲ್ಲಿ ಎಷ್ಟೋ ಜನಕ್ಕೆ ಉಗುರುಬೆಚ್ಚಗಿನ ನೀರು, ಸ್ನಾನಕ್ಕೆ ಮುಂಚೆ ಒಂದು ಮಾತ್ರೆ, ಇಷ್ಟರಲ್ಲೇ ಮುಗಿಯುತ್ತದೆ.

ಹಳೇ ಮಾತ್ರೆ ಅಂತ ಹಗುರವಾಗಿ ನೋಡಬೇಡ. ಯಳಂದೂರು ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ಡಾ. ಕೆ.ಎಸ್. ಮಣಿ ಮತ್ತು ಅವರ ಜೊತೆಗಾರರು ಮನೆಮನೆ ಹುಡುಕಿ ಮೂರ್ಛೆರೋಗಿಗಳನ್ನು ಗುರುತಿಸಿ, ಫಿನೋಬಾರ್ಬಿಟೋನ್ ಅಥವಾ ಫೆನಿಟಾಯಿನ್, ಇಷ್ಟನ್ನೇ ಕೊಟ್ಟು ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದರು. ಒಂದು 1912ರ ಔಷಧಿ, ಇನ್ನೊಂದು 1938ರದ್ದು. ಎರಡೂ ಅಗ್ಗ. ತಪ್ಪದೆ ನುಂಗಿದ ಬಹಳ ಮಂದಿಗೆ ಫಿಟ್ಸ್ ಹಿಡಿತಕ್ಕೆ ಬಂತು. 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಅದನ್ನು ಅಚ್ಚು ಹಾಕಿತು. ನನ್ನ ನೌಕರಿಯುದ್ದಕ್ಕೂ ನಾನು ಕಂಡದ್ದೂ ಇದನ್ನೇ: ಹಳ್ಳಿಯಲ್ಲಿ ಔಷಧಿ ಸೋಲುವುದಕ್ಕಿಂತ ಔಷಧಿ ತಲುಪದೆ ಇರುವುದು, ತಲುಪಿದ್ದು ನಡುವೆ ನಿಂತುಹೋಗುವುದು ಹೆಚ್ಚು. ನಿಮ್ಹಾನ್ಸ್‌ನವರು ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳ ಸುಮಾರು ಒಂದು ಲಕ್ಷ ಜನರನ್ನು ಸರ್ವೆ ಮಾಡಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೂರ್ಛೆರೋಗ ಪೇಟೆಯಲ್ಲಿ ಸಾವಿರಕ್ಕೆ 5.7 ಇದ್ದರೆ ಹಳ್ಳಿಯಲ್ಲಿ 11.9. ಹಳ್ಳಿಯಲ್ಲೇ ಎರಡು ಪಟ್ಟು ರೋಗ, ನರರೋಗದ ಡಾಕ್ಟರೆಲ್ಲ ಪೇಟೆಯಲ್ಲಿ. ಈ ಅನ್ಯಾಯದ ಬಗ್ಗೆ ಬೇರೆ ಯಾವಾಗಲಾದರೂ ಮಾತಾಡೋಣ.

ಇದೆಲ್ಲ ಸರಿಯಾಗಿದ್ದು, ಎರಡು ಔಷಧಿ ನಿಜವಾಗಿಯೂ ಸೋತಿವೆ ಅಂತಾದರೆ, ಟ್ರಯಲ್ ಕಾಗದ ಮುಟ್ಟುವ ಮುಂಚೆ ಇನ್ನೊಂದು ಕೇಳು: "ಸಾರ್, ನನಗೆ ಆಪರೇಷನ್ ಆಗುತ್ತದಾ?" ತಲೆ ಆಪರೇಷನ್ ಎಂದರೆ ನಿಮ್ಮವ್ವ ಎದೆ ಬಡಿದುಕೊಳ್ಳುತ್ತಾಳೆ, ಗೊತ್ತು. ಆದರೂ ಕೇಳು. ಕಿವಿಯ ಹತ್ತಿರದ ಮಿದುಳಿನ ಭಾಗದಿಂದ ಫಿಟ್ಸ್ ಹುಟ್ಟುವ 80 ಜನರನ್ನು ಕೆನಡಾದಲ್ಲಿ ಎರಡು ಗುಂಪು ಮಾಡಿ ನೋಡಿದರು, 2001ರಲ್ಲಿ ಪ್ರಕಟವಾಯಿತು. ವರ್ಷ ಕಳೆದಾಗ, ಪ್ರಜ್ಞೆ ತಪ್ಪುವ ಫಿಟ್ಸಿನಿಂದ ಬಿಡುಗಡೆಯಾದವರು ಆಪರೇಷನ್ ಗುಂಪಿನಲ್ಲಿ ನೂರಕ್ಕೆ 58, ಔಷಧಿ ಗುಂಪಿನಲ್ಲಿ 8. ಯಾವ ಹೊಸ ಮಾತ್ರೆಯೂ ಈ ಅಂತರ ತೋರಿಸಿಲ್ಲ. ನಿಮ್ಹಾನ್ಸ್‌ನಲ್ಲೂ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲೂ ಈ ಆಪರೇಷನ್ ಮಾಡುತ್ತಾರೆ. ಎಲ್ಲರಿಗೂ ಆಗುವುದಿಲ್ಲ. ನಿನಗೆ ಆಗುವುದಿಲ್ಲ ಅಂತ ಅವರು ಎಂಆರ್‌ಐ ಇಟ್ಟುಕೊಂಡು ಹೇಳಿದ ಮೇಲೆ ಟ್ರಯಲ್ ವಿಚಾರಕ್ಕೆ ಬಾ.

ಈಗ ಟ್ರಯಲ್ ಅಂದರೇನು. ಅವರು ಹುಡುಕುತ್ತಿರುವುದು ಔಷಧಿಯ ಬಗ್ಗೆ ಒಂದು ಉತ್ತರ. ನಿನಗೆ ಗುಣವಾದರೆ ಅವರಿಗೂ ಸಂತೋಷವೇ, ಆದರೆ ಅದು ಅವರು ಕೊಟ್ಟ ಮಾತಲ್ಲ. ಮೊದಲ ಕೆಲವು ವಾರ ಹೊಸದೇನೂ ಕೊಡುವುದಿಲ್ಲ, ಎಷ್ಟು ಫಿಟ್ಸ್ ಬರುತ್ತವೆ ಎಂದು ಡೈರಿ ಬರೆಸುತ್ತಾರೆ. ಆಮೇಲೆ ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಒಂದು ಗುಂಪಿಗೆ ಹಾಕುತ್ತದೆ. ಒಂದು ಗುಂಪಿಗೆ ಹೊಸ ಮಾತ್ರೆ, ಇನ್ನೊಂದಕ್ಕೆ ನೋಡಲು ಅದೇ ಥರ ಇರುವ, ಒಳಗೆ ಔಷಧಿ ಇಲ್ಲದ ಹುಸಿಮಾತ್ರೆ. ನಿನಗೆ ಯಾವುದು ಬಂತು ಎಂದು ನಿನಗೂ ಗೊತ್ತಾಗುವುದಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಯಾವ ಗುಂಪಾದರೂ ನಿನ್ನ ಹಳೇ ಮಾತ್ರೆಗಳು ಮಾತ್ರ ನಿಲ್ಲಬಾರದು. ನಿಲ್ಲಿಸಬೇಕು ಅಂತ ಯಾರಾದರೂ ಹೇಳಿದರೆ ಯಾಕೆ ಅಂತ ಎರಡು ಸಲ ಕೇಳು.

"ಹುಸಿಮಾತ್ರೆ ಕೊಟ್ಟು ಮೋಸ ಮಾಡ್ತಾರಲ್ಲ ದೊಡ್ಡಪ್ಪ" ಅಂದೆ. ನೋಡು, ಹೊಸ ಶೇಂಗಾ ತಳಿ ಬಂದಾಗ ಇಡೀ ಹೊಲಕ್ಕೆ ಅದನ್ನೇ ಬಿತ್ತಿ, ಆ ವರ್ಷ ಮಳೆ ಚೆನ್ನಾಗಿ ಬಿದ್ದು, ಬೆಳೆ ಬಂದರೆ ಹೆಸರು ಬೀಜಕ್ಕೋ ಮಳೆಗೋ? ಪಕ್ಕದ ಪಟ್ಟಿಯಲ್ಲಿ ನಮ್ಮ ಹಳೇ ಟಿಎಂವಿ-2 ಬಿತ್ತಿದ್ದರೆ ತಾನೆ ತಿಳಿಯುವುದು. ಫಿಟ್ಸೂ ತಾನಾಗಿ ಒಂದು ತಿಂಗಳು ಹೆಚ್ಚು, ಒಂದು ತಿಂಗಳು ಕಮ್ಮಿ. ಟ್ರಯಲ್‌ಗೆ ಸೇರಿದವನು ಮಾತ್ರೆ ತಪ್ಪಿಸುವುದಿಲ್ಲ, ಹೊತ್ತಿಗೆ ಮಲಗುತ್ತಾನೆ, ಅಷ್ಟಕ್ಕೇ ಅರ್ಧ ಸುಧಾರಿಸುತ್ತಾನೆ.

ಸೆನೋಬಮೇಟ್ ಅನ್ನುವ ಔಷಧಿಯನ್ನು ತಗೋ. ಕೊರಿಯಾ ದೇಶದ ಕಂಪನಿಯದ್ದು. ಅದರ ಒಂದು ಮುಖ್ಯ ಪ್ರಯೋಗ ಅಮೆರಿಕ, ಕೊರಿಯಾ, ಪೋಲೆಂಡ್‌ಗಳ ಜೊತೆ ನಮ್ಮ ಭಾರತದಲ್ಲೂ ನಡೆಯಿತು. ಒಟ್ಟು 222 ಜನ, ಎಲ್ಲರೂ ನಿನ್ನ ಹಾಗೆ ಔಷಧಿ ತಿಂದೂ ಫಿಟ್ಸ್ ನಿಲ್ಲದವರು. ಹೊಸ ಮಾತ್ರೆ ತಿಂದ ಗುಂಪಿನಲ್ಲಿ ಫಿಟ್ಸ್ ನೂರಕ್ಕೆ 55.6ರಷ್ಟು ಇಳಿಯಿತು. ಹುಸಿಮಾತ್ರೆ ತಿಂದವರಲ್ಲೂ 21.5ರಷ್ಟು ಇಳಿಯಿತು! ಪಕ್ಕದ ಪಟ್ಟಿ ಇಲ್ಲದಿದ್ದರೆ ಆ ಇಳಿಕೆಯೂ ಔಷಧಿಯ ಲೆಕ್ಕಕ್ಕೇ ಜಮಾ ಆಗುತ್ತಿತ್ತು. ಕೊನೆಯ 6 ವಾರ ಒಂದೂ ಫಿಟ್ಸ್ ಇಲ್ಲದೆ ಕಳೆದವರು ಮಾತ್ರೆ ಗುಂಪಿನಲ್ಲಿ ನೂರಕ್ಕೆ 28.3, ಇನ್ನೊಂದರಲ್ಲಿ 8.8. ಅಮೆರಿಕ ಸರ್ಕಾರ 2019ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಜಗ್ಗದ ಕಾಯಿಲೆಯವರಿಗೆ ಇದು ದೊಡ್ಡ ಸುದ್ದಿಯೇ. ಆದರೆ ಇದನ್ನೇ ತಿರುಗಿಸಿ ಓದು: ಮಾತ್ರೆ ತಿಂದ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನಕ್ಕೆ ಆ 6 ವಾರದಲ್ಲೂ ಪೂರ್ತಿ ನಿಲ್ಲಲಿಲ್ಲ. ಹೊಸದು ಅಂದ ಮಾತ್ರಕ್ಕೆ ಮದುವೆಯ ಹಿಂದಿನ ದಿನದ ಉತ್ಸಾಹ ಇಟ್ಟುಕೊಂಡು ಹೋಗಬೇಡ.

ಇದೇ ಔಷಧಿಯ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಿನ್ನ ಜೀವಕ್ಕೆ ಇದೇ ಮುಖ್ಯ. ಮೊದಮೊದಲ ಪ್ರಯೋಗಗಳಲ್ಲಿ ಪ್ರಮಾಣವನ್ನು ವಾರಕ್ಕೊಮ್ಮೆಯೋ ಇನ್ನೂ ಬೇಗವೋ ಏರಿಸುತ್ತಿದ್ದಾಗ ಮೂವರಿಗೆ ಮೈತುಂಬ ಗಂಧೆ, ಜ್ವರ, ಒಳಗಿನ ಅಂಗಾಂಗಕ್ಕೆ ಪೆಟ್ಟು ಬೀಳುವ ಭಯಂಕರ ಅಲರ್ಜಿಯಾಯಿತು. ಒಬ್ಬರು ತೀರಿಕೊಂಡರು. ಆಮೇಲೆ 12.5 ಮಿಲಿಗ್ರಾಂನಿಂದ ಶುರುಮಾಡಿ, ಎರಡು ವಾರಕ್ಕೊಮ್ಮೆ ಮಾತ್ರ ಏರಿಸುತ್ತಾ 1,339 ಜನರಿಗೆ ಕೊಟ್ಟು ನೋಡಿದರು. ಒಬ್ಬರಿಗೂ ಅದು ಆಗಲಿಲ್ಲ. ಔಷಧಿ ಅದೇ, ಏರಿಸುವ ಆತುರ ಹೋಯಿತು ಅಷ್ಟೆ. ಅದಕ್ಕೇ ಹೇಳುವುದು, "ನಿಧಾನ ಆಯ್ತು, ಬೇಗ ಗುಣ ಆಗ್ಲಿ" ಅಂತ ನೀನಾಗಿ ಎರಡು ಮಾತ್ರೆ ನುಂಗುವ ಕೆಲಸ ಯಾವತ್ತೂ ಮಾಡಬೇಡ. ಮೈಮೇಲೆ ಗಂಧೆ ಎದ್ದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ ಅಮ್ಮ ಅಂತ ಹರಕೆ ಕಟ್ಟಿಕೊಂಡು ಕೂರದೆ ಆ ಗಳಿಗೆಯಲ್ಲೇ ಟ್ರಯಲ್‌ನವರಿಗೆ ಫೋನು ಮಾಡು. ಹಾಗೆ ಮಾಡಲು ಹಗಲು ರಾತ್ರಿ ಎತ್ತುವ ಒಂದು ನಂಬರನ್ನು ಮೊದಲೇ ಬರೆಸಿಕೋ, ನಿನ್ನ ಹೆಂಡತಿಯ ಫೋನಿನಲ್ಲೂ ಇರಲಿ.

ಕೆಲವು ತೊಂದರೆ ಟ್ರಯಲ್ ಮುಗಿದು ಔಷಧಿ ಅಂಗಡಿಗೆ ಬಂದ ಮೇಲೇ ಗೊತ್ತಾಗುವುದು. ಫೆಲ್ಬಮೇಟ್ 1993ರಲ್ಲಿ ಅಮೆರಿಕದಲ್ಲಿ ಬಂತು, ಮರುವರ್ಷವೇ ಕೆಲವರಲ್ಲಿ ರಕ್ತ ಹುಟ್ಟುವುದೇ ನಿಂತುಹೋಗುವ ತೊಂದರೆ ಕಂಡಿತು. ವಿಗಾಬಟ್ರಿನ್ ತಿಂದವರಿಗೆ ಪಕ್ಕದ ನೋಟ ಕಿರಿದಾಗುವುದು ವರ್ಷಗಳ ಮೇಲೆ ತಿಳಿಯಿತು. ರೆಟಿಗಬಿನ್ ತಿಂದವರ ಚರ್ಮ, ತುಟಿ, ಉಗುರು ನೀಲಿಗಟ್ಟಿ, ಕಣ್ಣಿನ ಒಳಪದರದಲ್ಲೂ ಬಣ್ಣ ಕೂತು, ಕೊನೆಗೆ 2017ರಲ್ಲಿ ಕಂಪನಿ ಅದನ್ನು ಮಾರುಕಟ್ಟೆಯಿಂದಲೇ ತೆಗೆಯಿತು. ಹೆದರಿಸಲು ಹೇಳುತ್ತಿಲ್ಲ. ಹೊಸ ಮಾತ್ರೆ ಎಂದರೆ ಇನ್ನೂ ಪೂರ್ತಿ ಗೊತ್ತಾಗದ ಮಾತ್ರೆ, ಅದನ್ನು ತಿಳಿದು ನುಂಗು.

ಆದರೆ ನಿಮ್ಮವ್ವನ ಭಯಕ್ಕೂ ಒಂದು ಉತ್ತರ ಬೇಕಲ್ಲ. ಸುಮ್ಮನೆ ಕೂತರೆ ಅಪಾಯವಿಲ್ಲ ಅಂತ ಅವಳು ತಿಳಿದಿದ್ದಾಳೆ. ಇದೆ. ಹತೋಟಿಗೆ ಬಾರದ ಫಿಟ್ಸ್ ಇರುವವರು ರಾತ್ರಿ ನಿದ್ದೆಯಲ್ಲೇ ಹೋಗಿಬಿಡುವುದುಂಟು, ಡಾಕ್ಟರುಗಳು ಇದನ್ನು ರೋಗಿಗೆ ಹೇಳಲು ಹಿಂಜರಿಯುತ್ತಾರೆ. 2011ರಲ್ಲಿ ಫ್ರಾನ್ಸಿನ ರಿವ್ಲಿನ್ ಎಂಬ ಡಾಕ್ಟರ ತಂಡ ಹುಸಿಮಾತ್ರೆ ಇಟ್ಟು ನಡೆಸಿದ ಇಂಥ 112 ಔಷಧಿ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಕೆಲಸ ಮಾಡುವಷ್ಟು ಪ್ರಮಾಣದಲ್ಲಿ ಹೊಸ ಔಷಧಿ ಸಿಕ್ಕವರಿಗಿಂತ ಹುಸಿಮಾತ್ರೆ ಗುಂಪಿನವರಲ್ಲಿ ಇಂಥ ಸಾವಿನ ಪ್ರಮಾಣ ಏಳು ಪಟ್ಟು ಹೆಚ್ಚಿತ್ತು. ಇದು ಎರಡೂ ಕಡೆ ಕೊಯ್ಯುವ ಸಂಗತಿ. ಏನೂ ಮಾಡದೆ ಕೂರಬೇಡ ಅನ್ನುತ್ತದೆ, ಜೊತೆಗೆ ಹುಸಿಮಾತ್ರೆಯ ಗುಂಪಿಗೆ ಬಿದ್ದರೆ ಎಷ್ಟು ವಾರ ಅದರಲ್ಲಿರಬೇಕು, ಫಿಟ್ಸ್ ಜಾಸ್ತಿಯಾದರೆ ತಕ್ಷಣ ಹೊರಗೆ ತಂದು ಬೇರೆ ಚಿಕಿತ್ಸೆ ಕೊಡುತ್ತೀರಾ ಎಂದು ಕೇಳು ಅಂತಲೂ ಅನ್ನುತ್ತದೆ. ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡದ ಜಾಗದಲ್ಲಿ ಸೇರಬೇಡ.

ನಮ್ಮೂರ ಬಂಡೆಯ ಮೇಲಿನ ಅಶೋಕನ ಶಾಸನ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ್ದು, ಶಾಲೆಯಲ್ಲಿ ಓದಿದ್ದೀಯ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆ ಆಜ್ಞೆ ಶುರುವಾಗುವುದೇ ಅವರ ಆರೋಗ್ಯ ವಿಚಾರಿಸಿ. ಮಿಕ್ಕ ಮಾತೆಲ್ಲ ಆಮೇಲೆ. ಟ್ರಯಲ್‌ಗೆ ಕರೆಯುವವರನ್ನೂ ನಾನು ಹಾಗೇ ಅಳೆಯುತ್ತೇನೆ. ನಿನ್ನ ಫಿಟ್ಸ್ ಯಾವಾಗ ಬರುತ್ತೆ, ಮನೆಯಲ್ಲಿ ಯಾರಿದ್ದಾರೆ, ಏನು ಕೆಲಸ ಅಂತ ಕೂರಿಸಿ ಕೇಳಿದವರು ಒಳ್ಳೆಯವರು. ಮೊದಲು ಪೆನ್ನು ಕೊಟ್ಟವರಿಂದ ದೂರ ಇರು.

ಕಾನೂನು ನಿನ್ನ ಕಡೆ ಇದೆ. 2019ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮ ತಂದಿತು. ಒಪ್ಪಿಗೆ ಪತ್ರ ನಿನಗೆ ತಿಳಿಯುವ ಭಾಷೆಯಲ್ಲಿ ಇರಬೇಕು, ಒಂದು ಪ್ರತಿ ನಿನ್ನ ಕೈಗೆ ಬರಬೇಕು. ಓದು ಬಾರದವರಿಗೆ ಆಸ್ಪತ್ರೆಗೆ ಸೇರದ ಸಾಕ್ಷಿ ಇರಬೇಕು. ಹಿಂದೆಂದೂ ಬಳಸದ ಹೊಸ ಔಷಧಿಯಾಗಿದ್ದು, ಸೇರುವವರು ಬಡವರು ದುರ್ಬಲರಾದರೆ ವಿವರಿಸಿದ್ದನ್ನೂ ಒಪ್ಪಿದ್ದನ್ನೂ ವಿಡಿಯೊ ಮಾಡಿಡಬೇಕು. ಕ್ಯಾಮೆರಾ ನೋಡಿ ಗಾಬರಿಯಾಗಬೇಡ, ಅದು ನಿನ್ನ ರಕ್ಷಣೆಗೆ. ಟ್ರಯಲ್‌ನಲ್ಲಿ ಮೈಗೆ ತೊಂದರೆಯಾದರೆ ಚಿಕಿತ್ಸೆ ಅವರದೇ ಖರ್ಚು. ತೊಂದರೆಗೆ ಟ್ರಯಲ್ಲೇ ಕಾರಣ ಎಂದಾದರೆ ಪರಿಹಾರವನ್ನೂ ನಡೆಸುವ ಕಂಪನಿ ಕೊಡಬೇಕು. ಇದೆಲ್ಲ ನೋಡಲು ಎಥಿಕ್ಸ್ ಕಮಿಟಿ ಅಂತ ಇರುತ್ತದೆ, ಕಮ್ಮಿಯೆಂದರೆ ಏಳು ಜನ, ಅರ್ಧದಷ್ಟಾದರೂ ಆ ಆಸ್ಪತ್ರೆಗೆ ಸೇರದವರು, ಅದರಲ್ಲಿ ಒಬ್ಬ ವಕೀಲಿ ತಿಳಿದವರು, ಒಬ್ಬ ಹೆಂಗಸು, ಒಬ್ಬ ಸಾಮಾನ್ಯ ಮನುಷ್ಯ. ಅದರ ಫೋನ್ ನಂಬರು ಒಪ್ಪಿಗೆ ಪತ್ರದಲ್ಲೇ ಇರುತ್ತದೆ. ಟ್ರಯಲ್ ಸಿಟಿಆರ್‌ಐ ಎಂಬ ಸರ್ಕಾರಿ ಪಟ್ಟಿಯಲ್ಲಿ ಇರಲೇಬೇಕು, 2009ರಿಂದ ಕಡ್ಡಾಯ. ನೋಂದಣಿ ನಂಬರು ಕೇಳಿ, ನಿನ್ನ ತಂಗಿಗೆ ಕೊಡು, ಅವಳು ಮೊಬೈಲಿನಲ್ಲೇ ತೆಗೆದು ನೋಡುತ್ತಾಳೆ.

ಬಹಳ ಜನ ಕೇಳುವುದನ್ನೇ ಮರೆಯುವ ಪ್ರಶ್ನೆ ಒಂದಿದೆ: ಟ್ರಯಲ್ ಮುಗಿದ ಮೇಲೆ? ಮಾತ್ರೆ ನಿನಗೆ ಹಿಡಿಸಿತು, ಫಿಟ್ಸ್ ನಿಂತಿತು, ಆಗ ಅವರು ಗಂಟು ಕಟ್ಟಿಕೊಂಡು ಹೋದರೆ ನೀನು ಎಲ್ಲಿಂದ ತರುತ್ತೀಯ? ಬೇರೆ ಔಷಧಿ ಇಲ್ಲದಿದ್ದು, ಇದರಿಂದ ಗುಣ ಕಂಡಿದ್ದು, ಡಾಕ್ಟರು ಶಿಫಾರಸು ಮಾಡಿ ಎಥಿಕ್ಸ್ ಕಮಿಟಿ ಒಪ್ಪಿದರೆ ಪುಗಸಟ್ಟೆಯಾಗಿ ಮುಂದುವರಿಸಿ ಕೊಡಲು ಅದೇ ನಿಯಮದಲ್ಲಿ ದಾರಿ ಇದೆ. ತಾನಾಗಿ ಆಗುವುದಿಲ್ಲ, ಮೊದಲೇ ಕೇಳಿಟ್ಟುಕೊಳ್ಳಬೇಕು. ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಫಿಟ್ಸಿಗಿಂತ ಅಪಾಯ ಅಂತ ನಿನಗೆ ಗೊತ್ತೇ ಇದೆ. ನಡುವೆ ಬಿಟ್ಟು ಬರಬೇಕು ಅನ್ನಿಸಿದರೆ ಬಿಡುವ ಹಕ್ಕು ನಿನಗಿದೆ, ಬಿಟ್ಟದ್ದಕ್ಕೆ ಮಾಮೂಲಿ ಚಿಕಿತ್ಸೆ ತಪ್ಪಿಸುವ ಹಾಗಿಲ್ಲ. ಆದರೆ ಅವರಿಗೆ ಹೇಳಿ, ಅವರು ಇಳಿಸುತ್ತಾ ಬಂದ ಹಾಗೆ ಬಿಡು.

ಸೇರಿದ ಮೇಲೆ ನಿನ್ನ ಮೇಲೂ ಋಣ ಇದೆ. ಡೈರಿಯಲ್ಲಿ ಸುಳ್ಳು ಬರೆಯಬೇಡ. ಡಾಕ್ಟರು ಖುಷಿಪಡಲಿ ಅಂತ ಎರಡು ಫಿಟ್ಸ್ ಮುಚ್ಚಿಟ್ಟರೆ ಆ ಸುಳ್ಳು ನಿನ್ನಂಥ ಸಾವಿರಾರು ಜನರ ಔಷಧಿಯೊಳಗೆ ಸೇರುತ್ತದೆ. ನಿನಗೆ ಪ್ರಜ್ಞೆ ಇಲ್ಲದಾಗಿನ ಫಿಟ್ಸ್ ನಿನಗೆ ನೆನಪಿರುವುದಿಲ್ಲ, ಅದನ್ನು ನಿನ್ನ ಹೆಂಡತಿ ಬರೆಯಲಿ. ಆ ಹುಡುಗಿಯನ್ನು ಈ ಮಾತುಕತೆಯಿಂದ ಹೊರಗಿಡಬೇಡ, ಆಸ್ಪತ್ರೆಗೂ ಕರೆದುಕೊಂಡು ಹೋಗು. ಮಗು ಮಾಡಿಕೊಳ್ಳುವ ಯೋಚನೆ ಇದ್ದರೆ ಮೊದಲೇ ಹೇಳು, ಟ್ರಯಲ್ ಮುಗಿಯುವವರೆಗೆ ಬೇಡ ಅನ್ನಬಹುದು. ಮೂರ್ಛೆರೋಗ ಇದೆ ಅಂತ ಮದುವೆ ಮುರಿಯುವ ಕಾಲ ಹೋಯಿತು. ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಆ ಮಾತನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಅಂಥ ಮಾತಾಡುವ ನೆಂಟರಿಗೆ ಅದನ್ನು ಹೇಳು.

ಇನ್ನು ಸಣ್ಣಪುಟ್ಟದ್ದು. ಬೆಂಗಳೂರಿಗೆ ರಾತ್ರಿ ಬಸ್ಸಿಗೆ ಹೋಗಬೇಡ, ನಿದ್ದೆಗೆಟ್ಟು ಆಸ್ಪತ್ರೆ ಬಾಗಿಲಲ್ಲೇ ಬೀಳುತ್ತೀಯ. ಹಿಂದಿನ ದಿನ ಹಗಲು ಹೋಗಿ ಚಿಕ್ಕಮ್ಮನ ಮನೆಯಲ್ಲಿ ಮಲಗು. ಬಸ್ ಚಾರ್ಜು, ಒಂದು ದಿನದ ಕೂಲಿ ಕೊಡುತ್ತಾರೋ ಕೇಳು, ಕೇಳುವುದರಲ್ಲಿ ನಾಚಿಕೆ ಇಲ್ಲ. ಟ್ರಯಲ್ ಮಾತ್ರೆ ನುಂಗುತ್ತಿದ್ದೀನಿ ಅಂತ ಬೈಕ್ ಹತ್ತಬೇಡ, ಕೃಷಿಹೊಂಡದ ಹತ್ತಿರ ಒಬ್ಬನೇ ಹೋಗಬೇಡ. ರಾತ್ರಿ ಮೋಟಾರು ಹಾಕಲು ನಿಮ್ಮಪ್ಪನೋ ತಮ್ಮನೋ ಹೋಗಲಿ, ನಾನೇ ಅವರಿಗೆ ಹೇಳುತ್ತೇನೆ. ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ತುರುಕುವ ನಮ್ಮ ಓಣಿಯವರಿಗೂ ಹೇಳುತ್ತೇನೆ: ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ನನ್ನ ಅಭಿಪ್ರಾಯ ಕೇಳಿದರೆ, ನಿನ್ನ ಹಳೇ ಔಷಧಿಗಳು ಸರಿಯಾಗಿ ತಿಂದೂ ಸೋತಿದ್ದರೆ, ಆಪರೇಷನ್ ಆಗದು ಅಂತ ತಿಳಿದಿದ್ದರೆ, ಮೇಲಿನ ಪ್ರಶ್ನೆಗಳಿಗೆ ಅವರು ಬೇಸರಪಡದೆ ಉತ್ತರ ಕೊಟ್ಟರೆ, ಸೇರು. ಇಷ್ಟರಲ್ಲಿ ಒಂದು ತಪ್ಪಿದರೂ ಈ ಸಲ ಬೇಡ. ಸೋಮವಾರ ಹೋಗುವಾಗ ಹಳೇ ಚೀಟಿ, ಇಇಜಿ, ಸ್ಕ್ಯಾನು ಎಲ್ಲ ಒಂದು ಚೀಲಕ್ಕೆ ಹಾಕಿಕೋ, ಆ ನಾಟಿ ಪುಡಿಯ ಪೊಟ್ಟಣವನ್ನೂ ತಗೊಂಡು ಹೋಗಿ ತೋರಿಸು. ಒಪ್ಪಿಗೆ ಪತ್ರಕ್ಕೆ ಅಂದೇ ಸಹಿ ಹಾಕಬೇಡ, ಊರಿಗೆ ತಾ. ನಿಮ್ಮವ್ವನ ಎದುರಿಗೇ ಕೂತು, ಪೂರ್ತಿ ಓದಿ ನೋಡೋಣ.